ಪದಚರ್ಚೆ: ಹೃದಯದ ಮೇಲೆ ಕೂರಿಸುವ ಅಂಗಾಂಶಕ್ಕೆ ‘ಕಸಿ’ ಸರಿಯೇ, ‘ತೇಪೆ’ ಸರಿಯೇ?

ಮಾನ್ಯರೆ, ನಮಸ್ಕಾರ.

ಹೃದಯಾಘಾತದಿಂದ ಹಾಳಾದ ಹೃದಯಸ್ನಾಯುವಿನ ಮೇಲೆ ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಂತ ಅಂಗಾಂಶವನ್ನು ಕೂರಿಸುವ ಚಿಕಿತ್ಸೆಗೆ ಕನ್ನಡದಲ್ಲಿ ಯಾವ ಪದ ಸಲ್ಲುತ್ತದೆ ಎಂಬುದು ನನ್ನ ಪ್ರಶ್ನೆ. ‘ಚರ್ಮದ ಕಸಿ’ ರೂಢಿಯಲ್ಲಿರುವುದರಿಂದ ‘ಅಂಗಾಂಶ ಕಸಿ’ ಎನ್ನಬಹುದು. ಆದರೆ ‘ಅಂಗಾಂಗ ಕಸಿ’ಗೂ ಅದಕ್ಕೂ ಒಂದೇ ಅಕ್ಷರದ ವ್ಯತ್ಯಾಸವಿದ್ದು, ಹಿಂದೆ ‘ಹೃದಯ’ ಎಂಬ ಪದವೂ ಸೇರಿದರೆ ಓದುಗರು ಇಡೀ ಹೃದಯವನ್ನೇ ಬದಲಿಸುತ್ತಾರೆಂದು ತಿಳಿಯುವ ಸಂಭವ ಹೆಚ್ಚು. (‘ಅಂಗಾಂಶ’ ಎಂದರೆ ನಮ್ಮ ರೈತರಿಗೆ ಮೊದಲು ನೆನಪಾಗುವುದು ಅಂಗಾಂಶ ಕೃಷಿಯ ಬಾಳೆ ಸಸಿ, ಆ ಪರಿಚಯ ಇಲ್ಲಿ ನೆರವಿಗೇ ಬರುತ್ತದೆ.)

ಈ ಚಿಕಿತ್ಸೆಯ ಅಗತ್ಯವೇನೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ್ದ ಇಂಗಾಲ-14ರ (ಇಂಗಾಲದ ವಿಕಿರಣಶೀಲ ರೂಪ) ಜಾಡು ಹಿಡಿದು ಸ್ವೀಡನ್ನಿನ ವಿಜ್ಞಾನಿಗಳು 2009ರಲ್ಲಿ ತೋರಿಸಿದಂತೆ, 25ರ ವಯಸ್ಸಿನಲ್ಲಿ ಹೃದಯಸ್ನಾಯುವಿನ ಕೋಶಗಳಲ್ಲಿ ವರ್ಷಕ್ಕೆ ಸುಮಾರು ಶೇ. 1ರಷ್ಟು ಮಾತ್ರ ಹೊಸದಾಗುತ್ತವೆ, 75ರ ಹೊತ್ತಿಗೆ ಅದು ಶೇ. 0.5ಕ್ಕಿಂತಲೂ ಕೆಳಗಿಳಿಯುತ್ತದೆ. ಹಾಗಾಗಿ ರಕ್ತನಾಳ ಕಟ್ಟಿಕೊಂಡು ಸತ್ತ ಭಾಗದಲ್ಲಿ ಹೊಸ ಸ್ನಾಯುವಿನ ಬದಲು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು ತುಂಬಿ ಗಾಯದ ಕಲೆ ಕಟ್ಟುತ್ತದೆ. ಅದು ಗೋಡೆ ಒಡೆಯದಂತೆ ಹಿಡಿದಿಡುತ್ತದೆಯೇ ಹೊರತು ಬಡಿಯುವುದಿಲ್ಲ.

ಪದದ ತೊಡಕು ಶುರುವಾಗುವುದು ಇದಕ್ಕೆ ಪರಿಹಾರ ಹುಡುಕಿದವರ ದಾರಿಗಳು ಬೇರೆಬೇರೆಯಾಗಿರುವುದರಿಂದ. ಜಪಾನಿನ ಒಸಾಕಾ ವಿಶ್ವವಿದ್ಯಾಲಯದಲ್ಲಿ ಯೋಶಿಕಿ ಸಾವಾ ಅವರ ತಂಡ 2020ರ ಜನವರಿಯಲ್ಲಿ ಐಪಿಎಸ್ ಕೋಶಗಳಿಂದ (ದೇಹದ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲಂತೆ ಪ್ರಯೋಗಾಲಯದಲ್ಲಿ ಮಾರ್ಪಡಿಸಿದ ಸಾಮಾನ್ಯ ಕೋಶಗಳು) ಪಡೆದ ಹೃದಯಸ್ನಾಯು ಕೋಶಗಳ ತೆಳ್ಳನೆಯ ಹಾಳೆಗಳನ್ನು ರೋಗಿಯೊಬ್ಬರ ಹೃದಯದ ಮೇಲೆ ಹಾಸಿತು. ಇಂಥ ಹಾಳೆಗಳನ್ನು ಬೆಳೆಸುವ ತಟ್ಟೆಯ ತಳಕ್ಕೆ ಒಂದು ವಿಶೇಷ ಪಾಲಿಮರ್ ಲೇಪಿಸಿರುತ್ತಾರೆ. 37 ಡಿಗ್ರಿಯಲ್ಲಿ ಕೋಶಗಳು ಅದಕ್ಕೆ ಅಂಟಿಕೊಂಡು ಬೆಳೆಯುತ್ತವೆ. ತಟ್ಟೆಯನ್ನು 20 ಡಿಗ್ರಿಗೆ ತಣಿಸಿದರೆ ಲೇಪ ನೀರು ಹೀರಿಕೊಂಡು ಹಿಡಿತ ಸಡಿಲಿಸುತ್ತದೆ, ಹಾಳೆ ಅಂಚಿನಿಂದ ಸುರುಳಿಯಾಗುತ್ತ ಇಡಿಯಾಗಿಯೇ ಬಿಟ್ಟುಬರುತ್ತದೆ. ಆದರೆ ಈ ಹಾಳೆ ಬಹುಮಟ್ಟಿಗೆ ಕೆಲಸ ಮಾಡುವುದು ತಾನು ಸ್ರವಿಸುವ ಪ್ರೋಟೀನುಗಳಿಂದ, ಅಂದರೆ ಸುತ್ತ ಹೊಸ ರಕ್ತನಾಳಗಳು ಹುಟ್ಟುವಂತೆ ಪ್ರಚೋದಿಸುವುದರಿಂದ. ಹಾಳೆಯ ಕೋಶಗಳು ಅಲ್ಲಿ ಬಹುಕಾಲ ಉಳಿಯಲೇಬೇಕೆಂದಿಲ್ಲ.

ಜರ್ಮನಿಯ ಗಟಿಂಗೆನ್‌ನಲ್ಲಿ ವೋಲ್ಫ್ರಾಮ್ ತ್ಸಿಮರ್‌ಮನ್ ಅವರ ತಂಡದ ಉದ್ದೇಶವೇ ಬೇರೆ. ಕೊಲಾಜೆನ್ ಜೆಲ್‌ನಲ್ಲಿ ಹೃದಯಸ್ನಾಯು ಕೋಶಗಳನ್ನೂ ಸಂಯೋಜಕ ಅಂಗಾಂಶದ ಕೋಶಗಳನ್ನೂ ಬೆರೆಸಿ, ತಾನಾಗಿಯೇ ಮಿಡಿಯುವ ದಪ್ಪ ತುಣುಕುಗಳನ್ನು ಮಾಡಿ, ಅವುಗಳನ್ನು ಹೃದಯಕ್ಕೆ ಹೊಲಿದು ಗೋಡೆಗೆ ಹೊಸ ಸ್ನಾಯುವನ್ನೇ ಸೇರಿಸುವುದು ಅವರ ಗುರಿ. ಮಂಗಗಳಲ್ಲಿ ನಡೆಸಿದ ಪ್ರಯೋಗದೊಂದಿಗೆ ಒಬ್ಬ ರೋಗಿಯ ವಿವರವೂ 2025ರ ಜನವರಿಯಲ್ಲಿ ಪ್ರಕಟವಾಯಿತು. ಆ ರೋಗಿಗೆ ಮುಂದೆ ದಾನಿಯ ಹೃದಯ ಸಿಕ್ಕಿ, ತೆಗೆದ ಹಳೆಯ ಹೃದಯವನ್ನು ಪರೀಕ್ಷಿಸಿದಾಗ ಹೊಲಿದ ತುಣುಕು ಜೀವಂತವಾಗಿದ್ದುದೂ ಅದರೊಳಗೆ ರಕ್ತನಾಳಗಳು ಬೆಳೆದಿದ್ದುದೂ ಕಂಡುಬಂದವು.

ಮಾವಿನ ಕಸಿಯಲ್ಲಿ ಬೇರುಸಸಿಗೂ ಕಸಿಕಡ್ಡಿಗೂ ಬೆಸುಗೆಯಾಗಿ ಎರಡೂ ಒಂದೇ ಗಿಡವಾಗಿ ಬದುಕಬೇಕು. ಕಡ್ಡಿ ಒಣಗಿದರೆ ‘ಕಸಿ ಹಿಡಿಯಲಿಲ್ಲ’ ಎನ್ನುತ್ತೇವೆ. ಆ ಅರ್ಥದಲ್ಲಿ ಗಟಿಂಗೆನ್‌ನ ವಿಧಾನಕ್ಕೆ ‘ಸ್ನಾಯು ಕಸಿ’ ಒಪ್ಪುತ್ತದೆ, ಒಸಾಕಾದ್ದಕ್ಕೆ ಒಪ್ಪುವುದಿಲ್ಲ ಎಂದು ನನ್ನ ಅನಿಸಿಕೆ. ‘ತೇಪೆ’ ಎರಡಕ್ಕೂ ಹೊಂದುವಂತೆ ಕಂಡರೂ ‘ತೇಪೆ ಹಚ್ಚುವುದು’ ಎಂಬಲ್ಲಿ ತಾತ್ಕಾಲಿಕವಾಗಿ ಸಾಗಹಾಕುವ ಧ್ವನಿಯಿದೆ. ಅಲ್ಲದೆ ಹುಟ್ಟಿನಿಂದಲೇ ಇರುವ ಹೃದಯದ ರಂಧ್ರ ಮುಚ್ಚುವ ಶಸ್ತ್ರಕ್ರಿಯೆಯನ್ನು ವಿವರಿಸುವಾಗಲೂ ಅದೇ ಪದ ಬೇಕಾಗುತ್ತದೆ.

ಹಾಗಾಗಿ ಒಸಾಕಾದ್ದನ್ನು ‘ಕೋಶಹಾಳೆ ಹೊದಿಕೆ’ ಎಂದೂ ಗಟಿಂಗೆನ್‌ನದನ್ನು ‘ಹೃದಯಸ್ನಾಯು ಕಸಿ’ ಎಂದೂ ಬೇರೆಯಾಗಿಯೇ ಕರೆಯುವ ಯೋಚನೆಯಲ್ಲಿದ್ದೇನೆ. ಎರಡನ್ನೂ ಒಳಗೊಳ್ಳುವ, ‘ಹೃದಯ ಕಸಿ’ಯೊಂದಿಗೆ ಗೊಂದಲವಾಗದ ಒಂದೇ ಪದ ತಮಗೆ ಹೊಳೆದರೆ, ವಿಶೇಷವಾಗಿ ತಮ್ಮಲ್ಲಿರುವ ವೈದ್ಯರೂ ತೋಟಗಾರಿಕೆ ಬಲ್ಲವರೂ, ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.