ಮೋಶೆ ಯೆಹೂದ್ಯನಾ, ಇಸ್ರಾಯೇಲ್ಯನಾ? ಎರಡೂ ಒಂದೇ ಅಲ್ವಾ?

ಕುಕ್ಕರಹಳ್ಳಿ ವಾಕರ್ (ಮೈಸೂರು):

ಎಲ್ಲರಿಗೂ ನಮಸ್ಕಾರ. ನಾನು ಕ್ರೈಸ್ತನಲ್ಲ, ಹಳೆಯ ಇತಿಹಾಸದ ಹುಚ್ಚು ಅಷ್ಟೇ. ಕನ್ನಡ ಸತ್ಯವೇದವನ್ನು, ಅಂದರೆ ಬೈಬಲನ್ನು, ಮೊದಲ ಪುಸ್ತಕವಾದ ಆದಿಕಾಂಡದಿಂದ ಹಿಡಿದು ಓದುತ್ತಾ ಬರುತ್ತಿದ್ದೇನೆ. ಅಬ್ರಹಾಮ, ಯಾಕೋಬ, ಮೋಶೆ, ದಾವೀದ ಎಲ್ಲರನ್ನೂ ದಾಟಿದೆ. ಎಲ್ಲಿ ನೋಡಿದರೂ ಇಸ್ರಾಯೇಲ್ಯರು. ಯೆಹೂದ್ಯರು ಅನ್ನುವವರ ಸುಳಿವೇ ಇಲ್ಲ. ಕೊನೆಗೆ ಅರಸುಗಳು ಎರಡನೇ ಭಾಗದ 16ನೇ ಅಧ್ಯಾಯದಲ್ಲಿ ಸಿಕ್ಕರು. ಅದೂ ಹೇಗೆ? ಇಸ್ರಾಯೇಲಿನ ರಾಜ ಪೆಕಹ ದಮಸ್ಕದ ಅರಾಮ್ಯರ ರಾಜನನ್ನು ಸೇರಿಸಿಕೊಂಡು ಯೆರೂಸಲೇಮಿಗೆ ಮುತ್ತಿಗೆ ಹಾಕಿದ್ದಾನೆ, ಆ ಗಲಾಟೆಯಲ್ಲೇ ಅರಾಮ್ಯರು ಏಲತ್ ಊರಿಂದ ಯೆಹೂದ್ಯರನ್ನು ಓಡಿಸುತ್ತಾರೆ. ಅಂದರೆ ಯೆಹೂದ್ಯರು ಮೊದಲ ಸಲ ಕಾಣಿಸಿಕೊಳ್ಳುವಾಗಲೇ ಇಸ್ರಾಯೇಲ್ ಅವರ ಶತ್ರು!

ಆಫೀಸಿನಲ್ಲಿ ಕೇಳಿದರೆ ಒಬ್ಬರು "ಮೋಶೆನೇ ಯೆಹೂದ್ಯ ಕಣ್ರೀ" ಅಂತಾರೆ. ಇನ್ನೊಬ್ಬರು "ಅಬ್ರಹಾಮನೇ ಮೊದಲ ಯೆಹೂದ್ಯ" ಅಂತಾರೆ. ಊಟದ ಹೊತ್ತೆಲ್ಲ ಇದೇ ಜಗಳ. ತಿಳಿದವರು ಬಿಡಿಸಿ ಹೇಳಿ.

ಮಂಡ್ಯ ಮೇಷ್ಟ್ರು:

ಒಳ್ಳೆ ಜಾಗದಲ್ಲೇ ನಿಂತಿದ್ದೀರಿ ಸಾರ್. ಆ 16ನೇ ಅಧ್ಯಾಯವನ್ನು ಜಾಸ್ತಿ ಜನ ಗಮನಿಸುವುದೇ ಇಲ್ಲ.

ವಂಶ ನೋಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಅಬ್ರಹಾಮನ ಮಗ ಇಸಾಕ, ಅವನ ಮಗ ಯಾಕೋಬ. ಯಾಕೋಬನಿಗೇ ಇಸ್ರಾಯೇಲ್ ಅಂತ ಇನ್ನೊಂದು ಹೆಸರು ಬಂತು. ಅವನಿಗೆ 12 ಗಂಡು ಮಕ್ಕಳು, ಅವರಲ್ಲಿ ನಾಲ್ಕನೆಯವನು ಯೆಹೂದ. ಹನ್ನೆರಡೂ ಮಕ್ಕಳ ಸಂತಾನ ಇಸ್ರಾಯೇಲ್ಯರು, ಯೆಹೂದನ ಸಂತಾನ ಅದರಲ್ಲಿ ಒಂದು ಕುಲ ಮಾತ್ರ. ಅಬ್ರಹಾಮ ಯೆಹೂದನ ಮುತ್ತಜ್ಜ. ಮುತ್ತಜ್ಜನಿಗೆ ಮರಿಮಗನ ಕುಲದ ಹೆಸರು ಹೇಗೆ ಹಾಕುತ್ತೀರಿ? ಅವನನ್ನು ಆದಿಕಾಂಡ 14ರಲ್ಲಿ ಇಬ್ರಿಯ ಅಂತ ಕರೆದಿದೆ. ಮೋಶೆ ಲೇವಿ ಕುಲದವನು, ಅಂದರೆ ಯೆಹೂದನ ಅಣ್ಣನ ಕಡೆಯವನು. ದಾವೀದ ಮಾತ್ರ ಅಪ್ಪಟ ಯೆಹೂದ ಕುಲ.

ಈಗ ಯುದ್ಧದ ವಿಷಯ. ದಾವೀದನ ಮಗ ರಾಜ ಸೊಲೊಮೋನ ಸತ್ತ ಮೇಲೆ, ಸುಮಾರು ಕ್ರಿ.ಪೂ. 930ರಲ್ಲಿ, ಅವನ ಮಗ ರೆಹಬ್ಬಾಮ ಪಟ್ಟಕ್ಕಾಗಿ ಉತ್ತರದ ಶೆಕೆಮ್ ಊರಿಗೆ ಹೋದ. ಉತ್ತರದ ಕುಲಗಳ ಜನ ಬಂದು, ನಿಮ್ಮಪ್ಪ ಹೇರಿದ ಬಿಟ್ಟಿ ಕೆಲಸದ ಭಾರ ಕಡಿಮೆ ಮಾಡು, ನಿನ್ನ ಮಾತು ಕೇಳಿಕೊಂಡಿರುತ್ತೇವೆ ಅಂದರು. ಹಿರಿಯರು ಒಪ್ಪಿಕೋ ಅಂದರು. ಇವನು ತನ್ನ ಜೊತೆ ಬೆಳೆದ ಹುಡುಗರ ಮಾತು ಕೇಳಿ, ನಮ್ಮಪ್ಪ ಬಾರುಕೋಲಲ್ಲಿ ಹೊಡೆದ, ನಾನು ಚೇಳಿನ ಕೊರಡೆಯಲ್ಲಿ ಹೊಡೆಯುತ್ತೇನೆ ಅಂದುಬಿಟ್ಟ. ಜನ ಎದ್ದು ಹೋದರು. ಬಿಟ್ಟಿ ಕೆಲಸದ ಮೇಲ್ವಿಚಾರಕನನ್ನು ಕಳಿಸಿದರೆ ಅವನನ್ನು ಕಲ್ಲು ಹೊಡೆದು ಕೊಂದರು. ರಾಜ ರಥ ಹತ್ತಿ ಯೆರೂಸಲೇಮಿಗೆ ಓಡಬೇಕಾಯಿತು. ಉತ್ತರದವರು ಎಫ್ರಾಯೀಮ್ ಕುಲದ ಯಾರೊಬ್ಬಾಮನನ್ನು ರಾಜನನ್ನಾಗಿ ಮಾಡಿಕೊಂಡರು. ಇಸ್ರಾಯೇಲ್ ಅನ್ನುವ ಹೆಸರೂ ಅವರ ಪಾಲಿಗೇ ಹೋಯಿತು. ದಕ್ಷಿಣದಲ್ಲಿ ಯೆಹೂದ ಕುಲ, ಪಕ್ಕದ ಬೆನ್ಯಾಮೀನ್, ದೇವಾಲಯದ ಲೇವಿಯರು ಉಳಿದರು. ಆ ರಾಜ್ಯವೇ ಯೆಹೂದ, ಅಲ್ಲಿನ ಪ್ರಜೆಗಳು ಯೆಹೂದ್ಯರು. ಆ ಕಾಲಕ್ಕೆ ಅದು ನಾಡಿನ ಹೆಸರು, ಧರ್ಮದ ಹೆಸರಲ್ಲ.

ಇದು ಬೈಬಲ್ ಮಾತ್ರ ಹೇಳುವ ಕತೆಯಲ್ಲ. ಈಗಿನ ಇರಾಕಿನ ಉತ್ತರದಿಂದ ಆಳುತ್ತಿದ್ದ ಅಶ್ಶೂರರ (ಅಸ್ಸೀರಿಯನ್ನರ) ಶಾಸನಗಳಲ್ಲೂ ಎರಡೂ ಬೇರೆ ಬೇರೆ. ಕ್ರಿ.ಪೂ. 853ರ ಯುದ್ಧದ ಶಾಸನದಲ್ಲಿ ಇಸ್ರಾಯೇಲಿನ ರಾಜ ಅಹಾಬ ಬರುತ್ತಾನೆ, 701ರ ದಂಡಯಾತ್ರೆಯ ಶಾಸನದಲ್ಲಿ ಯೆಹೂದದ ರಾಜ ಹಿಜ್ಕೀಯ ಬರುತ್ತಾನೆ. ಇಸ್ರಾಯೇಲ್ ಅನ್ನುವ ಹೆಸರು ಇನ್ನೂ ಹಳೆಯದು. ಈಜಿಪ್ಟಿನ ಫರೋ ಮೆರ್ನೆಪ್ತಾ ಸುಮಾರು ಕ್ರಿ.ಪೂ. 1208ರಲ್ಲಿ ಕೆತ್ತಿಸಿದ ಕಲ್ಲಿನಲ್ಲೇ ಅದು ಇದೆ.

ದೇವರಾಜ ಮಾರ್ಕೆಟ್:

ಮೇಷ್ಟ್ರು ಹೇಳಿದ್ದು ಸರಿ. ಆದರೆ ಒಂದು ಕುಲದ ಹೆಸರು ಇಡೀ ಜನಕ್ಕೆ ಹೇಗೆ ಅಂಟಿಕೊಂಡಿತು ಅನ್ನುವುದು ಉಳಿಯಿತಲ್ಲ. ಇದು ನಮಗೆ ಗೊತ್ತಿಲ್ಲದ್ದೇನಲ್ಲ ಬಿಡಿ. 1956ರಲ್ಲಿ ಕನ್ನಡ ನಾಡೆಲ್ಲ ಒಂದಾದಾಗ ರಾಜ್ಯಕ್ಕೆ ಇಟ್ಟ ಹೆಸರು ಮೈಸೂರು. ಬೀದರಿನವರೂ ಮೈಸೂರು ರಾಜ್ಯದವರು, ಕಾರವಾರದವರೂ ಮೈಸೂರು ರಾಜ್ಯದವರು. 1973ರವರೆಗೆ ಹಾಗೇ ಇತ್ತು. ಯೆಹೂದದ್ದೂ ಅದೇ, ಒಂದು ಭಾಗದ ಹೆಸರು ಇಡೀ ಜನದ ಹೆಸರಾಯಿತು.

ಶ್ರೀರಂಗಪಟ್ಟಣ ಕಾವೇರಿ:

ಹೋಲಿಕೆ ಚೆನ್ನಾಗಿದೆ, ಆದರೆ ಮುಖ್ಯವಾದ ಜಾಗದಲ್ಲೇ ತಪ್ಪುತ್ತದೆ ಅಣ್ಣ. ಮೈಸೂರಿಗೆ ಉಳಿದವರು ಬಂದು ಸೇರಿಕೊಂಡರು. ಇಲ್ಲಿ ಉಳಿದವರು ಹೊರಟುಹೋದರು, ಯೆಹೂದ ಒಂದೇ ಉಳಿಯಿತು.

ಕ್ರಿ.ಪೂ. 722ರಲ್ಲಿ ಅಶ್ಶೂರರು ಉತ್ತರದ ರಾಜಧಾನಿ ಸಮಾರ್ಯವನ್ನು ಹಿಡಿದರು, ಇಸ್ರಾಯೇಲ್ ರಾಜ್ಯ ಅಲ್ಲಿಗೆ ಮುಗಿಯಿತು. ಯೆಹೂದ ಇನ್ನೂ 130 ವರ್ಷಕ್ಕೂ ಜಾಸ್ತಿ ಬದುಕಿತ್ತು. ಆಮೇಲೆ ಬಾಬಿಲೋನಿನವರು ಕ್ರಿ.ಪೂ. 586ರಲ್ಲಿ ಯೆರೂಸಲೇಮನ್ನು ಸುಟ್ಟು ಜನರನ್ನು ಸೆರೆ ಒಯ್ದರು. ಪರ್ಷಿಯಾದ ರಾಜ ಕೋರೆಷ (ಸೈರಸ್) ಬಾಬಿಲೋನನ್ನು ಗೆದ್ದು ಅವರನ್ನು ವಾಪಸ್ ಹೋಗಲು ಬಿಟ್ಟ. ಬಂದವರು ನೆಲೆ ನಿಂತ ಸಣ್ಣ ಪ್ರಾಂತ್ಯಕ್ಕೆ ಪರ್ಷಿಯನ್ನರ ದಫ್ತರದಲ್ಲಿ ಯೆಹೂದ್ ಅಂತ ಹೆಸರು. ಸರ್ಕಾರ ಬರೆದ ಹೆಸರೇ ಗಟ್ಟಿಯಾಯಿತು. ಮೊದಲನೇ ಶತಮಾನದ ಇತಿಹಾಸಕಾರ ಜೋಸೆಫಸ್ ಕೂಡ ಹೀಗೇ ಹೇಳುತ್ತಾನೆ: ಬಾಬಿಲೋನಿಂದ ವಾಪಸ್ ಬಂದ ದಿನದಿಂದ ಇವರಿಗೆ ಯೆಹೂದ್ಯರು ಅನ್ನುವ ಹೆಸರು ಬಂತು, ಆ ಜಾಗಕ್ಕೆ ಮೊದಲು ಬಂದವರು ಯೆಹೂದ ಕುಲದವರು ಅಂತ.

ಉತ್ತರದ ಹತ್ತು ಕುಲಗಳು ಪೂರ್ತಿ ಮಾಯವಾದವು ಅನ್ನುವುದನ್ನೂ ಹಾಗೇ ನುಂಗಬೇಡಿ. ಅಶ್ಶೂರದ ರಾಜ ಸರ್ಗೋನ್ ತನ್ನ ಶಾಸನದಲ್ಲಿ ಸಮಾರ್ಯದಿಂದ ಹಿಡಿದುಕೊಂಡು ಹೋದೆ ಅಂತ ಹೇಳಿಕೊಳ್ಳುವುದು ಸುಮಾರು 27 ಸಾವಿರ ಜನರನ್ನು. ಒಂದು ರಾಜ್ಯದ ಜನರೆಲ್ಲ ಅಷ್ಟೇ ಇರಲು ಸಾಧ್ಯವಿಲ್ಲ. ಒಂದಿಷ್ಟು ಮಂದಿ ದಕ್ಷಿಣಕ್ಕೆ ಓಡಿಬಂದರು. ಅದೇ ಸುಮಾರಿಗೆ ಯೆರೂಸಲೇಮ್ ಊರು ಪಶ್ಚಿಮದ ಗುಡ್ಡದ ಮೇಲೂ ಹಬ್ಬಿ ಹಲವು ಪಟ್ಟು ಬೆಳೆದಿದೆ, ಬಹಳ ಪುರಾತತ್ವಜ್ಞರು ಅದಕ್ಕೆ ಈ ವಲಸೆಯನ್ನೂ ಕಾರಣ ಅನ್ನುತ್ತಾರೆ. ಲೂಕನ ಸುವಾರ್ತೆಯಲ್ಲಿ ದೇವಾಲಯ ಬಿಟ್ಟು ಕದಲದ ಅನ್ನಳು ಅನ್ನುವ ಮುದುಕಿ ಬರುತ್ತಾಳಲ್ಲ, ಅವಳದು ಆಶೇರ್ ಕುಲ. ಅದು ಉತ್ತರದ್ದು.

ಇನ್ನೊಂದಿಷ್ಟು ಮಂದಿ ಉತ್ತರದಲ್ಲೇ ಉಳಿದರು. ಸಮಾರ್ಯದವರು ತಾವು ಅವರ ಸಂತಾನವೇ ಅನ್ನುತ್ತಾರೆ. ಅರಸುಗಳ ಪುಸ್ತಕ ಬೇರೆ ಹೇಳುತ್ತದೆ, ಅಶ್ಶೂರರು ಹೊರಗಿಂದ ತಂದು ನೆಲೆಗೊಳಿಸಿದ ಜನ ಅಂತ. ಅದು ದಕ್ಷಿಣದವರು ಬರೆದ ಪುಸ್ತಕ ಅನ್ನುವುದೂ ನೆನಪಿರಲಿ. ಸಮಾರ್ಯದವರು ಈಗಲೂ ಇದ್ದಾರೆ, ಸಾವಿರಕ್ಕೂ ಕಡಿಮೆ. ನಾಬ್ಲಸ್ ಪಕ್ಕದ ಗೆರಿಜೀಮ್ ಬೆಟ್ಟದ ಮೇಲೆ ಒಂದಿಷ್ಟು ಮನೆ, ಟೆಲ್ ಅವಿವ್ ಹತ್ತಿರದ ಹೋಲೋನಿನಲ್ಲಿ ಒಂದಿಷ್ಟು. ಈಜಿಪ್ಟಿನಿಂದ ಬಿಡುಗಡೆಯಾದ ನೆನಪಿನ ಪಸ್ಕ ಹಬ್ಬಕ್ಕೆ ಈಗಲೂ ಬೆಟ್ಟದ ಮೇಲೆ ಕುರಿ ಕಡಿಯುತ್ತಾರೆ. ನೀವು ಯೆಹೂದ್ಯರಾ ಅಂದರೆ ಅಲ್ಲ, ನಾವು ಇಸ್ರಾಯೇಲ್ಯರು ಅಂತಾರೆ. ಮೋಶೆಯ ಐದು ಪುಸ್ತಕ ಬಿಟ್ಟರೆ ಬೇರೆ ಯಾವುದನ್ನೂ ಅವರು ಒಪ್ಪುವುದಿಲ್ಲ. ಹಾಗಾಗಿ ದಾವೀದನ ಸಿಂಹಾಸನವಾಗಲಿ ಯೆರೂಸಲೇಮಿನ ದೇವಾಲಯವಾಗಲಿ ಅವರ ಲೆಕ್ಕದಲ್ಲೇ ಇಲ್ಲ.

ಕುಕ್ಕರಹಳ್ಳಿ ವಾಕರ್ (ಮೈಸೂರು):

ಅದ್ಭುತ. ಹಾಗಾದರೆ ಯೆಹೂದ್ಯರೆಲ್ಲ ಇಸ್ರಾಯೇಲ್ಯರು, ಇಸ್ರಾಯೇಲ್ಯರೆಲ್ಲ ಯೆಹೂದ್ಯರಲ್ಲ. ಇಷ್ಟು ಹೇಳಿದರೆ ಆಫೀಸಿನಲ್ಲಿ ಬಾಯಿ ಮುಚ್ಚಿಸಬಹುದಾ?

ಬನ್ನಿಮಂಟಪದವಳು:

ಬಾಯಿ ಮುಚ್ಚಿಸಬಹುದು, ಆದರೆ ಆ ಮಾತಿನ ಮೊದಲ ಅರ್ಧಕ್ಕೂ ಅಪವಾದ ಇದೆ ಸಾರ್. ಎಸ್ತೇರಳ ಪುಸ್ತಕ ಇನ್ನೂ ಮುಟ್ಟಿಲ್ಲ ಅಂತ ಕಾಣುತ್ತದೆ. ಅಲ್ಲಿ ಮೊರ್ದೆಕೈಯನ್ನು ಒಂದೇ ವಾಕ್ಯದಲ್ಲಿ ಯೆಹೂದ್ಯ ಅಂತಲೂ ಬೆನ್ಯಾಮೀನ್ ಕುಲದವನು ಅಂತಲೂ ಕರೆದಿದೆ. ಅಷ್ಟು ಹೊತ್ತಿಗೆ ಅದು ಕುಲದ ಹೆಸರಾಗಿ ಉಳಿದಿಲ್ಲ. ಅದೇ ಪುಸ್ತಕದ 8ನೇ ಅಧ್ಯಾಯದ ಕೊನೆಯಲ್ಲಿ ಆ ದೇಶಗಳ ಎಷ್ಟೋ ಜನ ತಾವೂ ಯೆಹೂದ್ಯರಾದರು ಅಂತ ಬರುತ್ತದೆ. ಕುಲಕ್ಕೆ ಹುಟ್ಟಬೇಕು, ಇದಕ್ಕೆ ಸೇರಿಕೊಳ್ಳಬಹುದು. ದೊಡ್ಡ ಉದಾಹರಣೆ ಬೇಕೆಂದರೆ ಹೆರೋದ. ಅವನ ತಂದೆಯ ಮನೆತನ ಎದೋಮ್ಯರದು, ಅಂದರೆ ಯಾಕೋಬನ ಅಣ್ಣ ಏಸಾವನ ಕಡೆಯವರು. ಕ್ರಿ.ಪೂ. ಎರಡನೇ ಶತಮಾನದ ಕೊನೆಗೆ ಯೆರೂಸಲೇಮಿನ ಮಹಾಯಾಜಕ ಯೋಹಾನ ಹಿರ್ಕಾನಸ್ ಅವರ ನಾಡನ್ನು ಗೆದ್ದು, ಸುನ್ನತಿ ಮಾಡಿಸಿಕೊಂಡು ನಮ್ಮ ನಿಯಮ ಪಾಲಿಸುವುದಾದರೆ ಇರಿ ಅಂದ. ಅವರು ಇದ್ದರು. ಹೀಗೆ ಹೆರೋದ ಯೆಹೂದ್ಯರ ಅರಸನಾದ, ಯಾಕೋಬನ ರಕ್ತ ಅಪ್ಪನ ಕಡೆಯಿಂದ ಒಂದು ಹನಿಯೂ ಇಲ್ಲದೆ.

ಇನ್ನೊಂದು ವಿಷಯ, ನನಗೆ ಇದೇ ಎಲ್ಲಕ್ಕಿಂತ ಇಷ್ಟ. ಹೊಸ ಒಡಂಬಡಿಕೆಯ ಕಾಲಕ್ಕೆ ಎರಡು ಹೆಸರೂ ಒಂದೇ ಜನಕ್ಕೆ ಸಲ್ಲುತ್ತವೆ, ಆದರೆ ಯಾರು ಯಾರ ಮುಂದೆ ಮಾತಾಡುತ್ತಿದ್ದಾರೆ ಅನ್ನುವುದರ ಮೇಲೆ ಬದಲಾಗುತ್ತವೆ. ಮಾರ್ಕ 15 ತೆಗೆಯಿರಿ. ಯೇಸುವಿನ ಶಿಲುಬೆಯ ಮೇಲೆ ರೋಮನ್ನರು ಹಾಕಿದ ಬರಹ "ಯೆಹೂದ್ಯರ ಅರಸನು". ಅದೇ ಶಿಲುಬೆಯ ಕೆಳಗೆ ನಿಂತ ಯಾಜಕರು ಗೇಲಿ ಮಾಡುವುದು "ಇಸ್ರಾಯೇಲಿನ ಅರಸ" ಅಂತ. ಯೇಸುವಿನ ಸಂದೇಶ ಸಾರಿದ ಪೌಲನೂ ಹಾಗೇ. ರೋಮಿನ ಸೇನಾಧಿಕಾರಿ ಹಿಡಿದಾಗ ನಾನು ತಾರ್ಸದ ಯೆಹೂದ್ಯ ಅಂದ. ರೋಮಾಪುರದ ಸಭೆಗೆ ದೇವರು ತನ್ನ ಜನರನ್ನು ತಳ್ಳಿಬಿಟ್ಟನೋ ಅಂತ ಬರೆಯುವಾಗ ನಾನೂ ಇಸ್ರಾಯೇಲ್ಯ, ಬೆನ್ಯಾಮೀನ್ ಕುಲದವನು ಅಂದ. ನಾಣ್ಯಗಳಲ್ಲೂ ಇದು ಕಾಣುತ್ತದೆ. ಕ್ರಿ.ಶ. 66ರಲ್ಲಿ ರೋಮಿನ ವಿರುದ್ಧ ಎದ್ದವರು ತಮ್ಮ ಬೆಳ್ಳಿ ನಾಣ್ಯದ ಮೇಲೆ ಒತ್ತಿದ್ದು "ಇಸ್ರಾಯೇಲಿನ ಶೆಕೆಲ್". ಅವರನ್ನು ಸೋಲಿಸಿದ ರೋಮನ್ನರು ಒತ್ತಿದ್ದು "ಯೂದಾಯ (ಯೆಹೂದಕ್ಕೆ ರೋಮನ್ನರ ಹೆಸರು) ಸೆರೆಯಾಯಿತು". ಹೊರಗಿನವರು ಯೆಹೂದ್ಯರು ಅಂದರು, ಅವರು ತಮ್ಮೊಳಗೆ ಇಸ್ರಾಯೇಲ್ ಅಂದುಕೊಂಡರು. ಯಾವಾಗಲೂ ಹೀಗೇ ಅಂತಲ್ಲ, ಅದಕ್ಕೆ ಮುಂಚಿನ ಹಸ್ಮೋನಿಯ (ಹಿರ್ಕಾನಸನ ಮನೆತನದ) ಅರಸರ ನಾಣ್ಯಗಳಲ್ಲಿ "ಯೆಹೂದ್ಯರ ಸಭೆ" ಅಂತಲೇ ಇದೆ. ಆದರೂ ಒಲವು ಹಾಗಿತ್ತು.

ಸುಮ್ನೆ ಓದೋನು:

ಹತ್ತು ಕುಲಗಳು ಕಾಶ್ಮೀರಕ್ಕೆ ಬಂದವು ಅಂತ ವಾಟ್ಸಾಪಿನಲ್ಲಿ ಓದಿದ್ದೆ. ನಿಜಾನಾ?

ಶ್ರೀರಂಗಪಟ್ಟಣ ಕಾವೇರಿ:

ಗಟ್ಟಿ ಆಧಾರ ಇಲ್ಲ. ಅಫ್ಘಾನಿಸ್ತಾನದಿಂದ ಜಪಾನಿನವರೆಗೆ ಎಲ್ಲರನ್ನೂ ಒಬ್ಬರಲ್ಲ ಒಬ್ಬರು ಆ ಹತ್ತು ಕುಲಕ್ಕೆ ಸೇರಿಸಿದ್ದಾರೆ. ಅದನ್ನು ಬಿಡಿ. ನಮ್ಮ ದೇಶದ್ದೇ ಬೇಕೆಂದರೆ ಕೊಂಕಣ ಕರಾವಳಿಯ ಬೆನೆ ಇಸ್ರಾಯೇಲ್ ಜನರ ಬಗ್ಗೆ ಓದಿ. ಹಳ್ಳಿಗಳಲ್ಲಿ ಗಾಣ ಆಡಿಸುತ್ತಿದ್ದರು, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೇ ಊರವರು ಅವರನ್ನು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು, ಅಂದರು. ಅವರು ತಮಗೆ ಇಟ್ಟುಕೊಂಡ ಹೆಸರು ಮಾತ್ರ ಇಸ್ರಾಯೇಲಿನ ಮಕ್ಕಳು.

ಮಣಿಪುರ, ಮಿಜೋರಾಂನ ಬ್ನೇ ಮೆನಾಶೆಗಳದು ಇನ್ನೂ ಮಜಾ. ಅವರು ಉತ್ತರದ ಹತ್ತು ಕುಲಗಳಲ್ಲಿ ಒಂದಾದ ಮನಸ್ಸೆ ಕುಲದವರು ನಾವು ಅನ್ನುತ್ತಾರೆ. 2005ರಲ್ಲಿ ಇಸ್ರೇಲಿನ ಒಬ್ಬ ಮುಖ್ಯ ರಬ್ಬಿ (ಯೆಹೂದ್ಯ ಧರ್ಮಗುರು) ಅವರನ್ನು ಇಸ್ರಾಯೇಲಿನ ಸಂತಾನ ಅಂತ ಒಪ್ಪಿದರು. ಆದರೆ ಯೆಹೂದ್ಯರಾಗಿ ಎಣಿಸಬೇಕಾದರೆ ವಿಧಿಪೂರ್ವಕ ಮತಾಂತರ ಆಗಲೇಬೇಕು ಅಂದರು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗಲ್ಲ.

ಮಂಡ್ಯ ಮೇಷ್ಟ್ರು:

ಇನ್ನೊಂದು ಕಲಬೆರಕೆಯನ್ನೂ ಬಿಡಿಸಿಬಿಡೋಣ, ಆಫೀಸಿನಲ್ಲಿ ಮುಂದಿನ ಜಗಳ ಅದೇ ಆಗುತ್ತದೆ. ಈಗಿನ ಇಸ್ರೇಲಿಗಳು ಬೇರೆ, ಬೈಬಲಿನ ಇಸ್ರಾಯೇಲ್ಯರು ಬೇರೆ. ಇಸ್ರೇಲಿ ಅಂದರೆ 1948ರಲ್ಲಿ ಹುಟ್ಟಿದ ದೇಶದ ಪ್ರಜೆ, ಅವರಲ್ಲಿ ಸುಮಾರು ಐದರಲ್ಲಿ ಒಬ್ಬರು ಅರಬ್ಬರು. ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸೇನೆ ಜೋಧಪುರದವರ ಜೊತೆ ಸೇರಿ 1918ರ ಸೆಪ್ಟೆಂಬರ್ 23ರಂದು ಗೆದ್ದ ಹೈಫಾ ಈಗ ಆ ದೇಶದಲ್ಲೇ ಇದೆ. ಹೈಫಾ ಇರುವುದು ಕರ್ಮೆಲ್ ಬೆಟ್ಟದ ಬುಡದಲ್ಲಿ. ಅದು ಪ್ರವಾದಿ ಎಲೀಯ ಬಾಳ್ ದೇವರ ಪೂಜಾರಿಗಳ ಜೊತೆ ಪಂಥಕ್ಕೆ ನಿಂತ ಬೆಟ್ಟ, ಅಹಾಬನ ಸೀಮೆ, ಅಂದರೆ ಉತ್ತರದ ಇಸ್ರಾಯೇಲ್. ಯೆಹೂದ ರಾಜ್ಯದ ಗಡಿ ಅಲ್ಲಿಯವರೆಗೆ ಬರುತ್ತಲೇ ಇರಲಿಲ್ಲ.