ಕಾಣೆಯಾದ ಹಸ್ತಪ್ರತಿಯ ಬೆನ್ನು ಹತ್ತಿ 1590ರಲ್ಲಿ ಸಿಕ್ಕಿಕೊಂಡಿದ್ದೇನೆ, ಮುಂದೆ ಓದಲೇ?

ನಿವೃತ್ತ ಗ್ರಂಥಪಾಲಕಿ:

ಮಗಳು ಕೆಲಸ ಸಿಕ್ಕಿ ಪುಣೆಗೆ ಹೊರಟಾಗ ಬಿಟ್ಟುಹೋದ ರಟ್ಟಿನ ಪೆಟ್ಟಿಗೆಯಲ್ಲಿ ಡೆಬೊರಾ ಹಾರ್ಕ್‌ನೆಸ್ ಅವರ ‘ಆಲ್ ಸೋಲ್ಸ್’ ಸರಣಿಯ ಮೊದಲ ಮೂರು ಕಾದಂಬರಿಗಳಿದ್ದವು. ಮಾಟಗಾತಿ, ರಕ್ತಪಿಶಾಚಿಗಳ ಕಥೆ ನನಗೆ ಒಗ್ಗುವುದಿಲ್ಲ. ಆದರೆ ಹಿಂಬದಿಯಲ್ಲಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದ ಹೆಸರು ಕಂಡಿತು. ಮೂವತ್ತೊಂದು ವರ್ಷ ಕಾಲೇಜು ಗ್ರಂಥಾಲಯದಲ್ಲಿ ದುಡಿದವಳಿಗೆ ಅಷ್ಟು ಸಾಕಾಯಿತು.

ಮೊದಲ ಪುಸ್ತಕದ ಆರಂಭ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಡಯಾನಾ ಬಿಷಪ್ ರಸವಿದ್ಯೆಯ ಇತಿಹಾಸಕಾರ್ತಿ. ಮಾಟಗಾತಿಯರ ವಂಶದಲ್ಲಿ ಹುಟ್ಟಿದ್ದರೂ ಮಾಟದ ಗೊಡವೆಯೇ ಬೇಡ ಎಂದುಕೊಂಡವಳು. ಆಕೆ ಬೇಡಿಕೆ ಚೀಟಿ ಬರೆದು ಆಶ್‌ಮೋಲ್ 782 ಎಂಬ ಹಸ್ತಪ್ರತಿಯನ್ನು ತರಿಸಿಕೊಳ್ಳುತ್ತಾಳೆ. ತೆರೆದರೆ ಮೂರು ಹಾಳೆ ಇಲ್ಲ, ಬರಹದ ಅಡಿಯಲ್ಲಿ ಇನ್ನೊಂದು ಬರಹ ಹರಿದಾಡುತ್ತಿದೆ. ಹೆದರಿ ಪುಸ್ತಕವನ್ನು ಹಿಂದಿರುಗಿಸಿಬಿಡುತ್ತಾಳೆ. ಆಮೇಲೆ ಯಾರು ಕೇಳಿದರೂ ಅದು ಸಿಗುವುದಿಲ್ಲ.

ಇದನ್ನು ಓದಿದಾಗ ನನ್ನದೇ ಒಂದು ಹಳೆಯ ಗಾಯ ನೆನಪಾಯಿತು. ಒಂದು ವರ್ಷದ ದಾಸ್ತಾನು ತಪಾಸಣೆಯಲ್ಲಿ ಗ್ಯಾಸೆಟಿಯರಿನ ಒಂದು ಸಂಪುಟ ಕಾಣಲಿಲ್ಲ. ರಿಜಿಸ್ಟರಿನಲ್ಲಿ ನಮೂದು ಇದೆ, ಬೀರುವಿನಲ್ಲಿ ಪುಸ್ತಕ ಇಲ್ಲ. ಅದರ ಬೆಲೆಯನ್ನು ನನ್ನ ಸಂಬಳದಲ್ಲಿ ಮುರಿದುಕೊಂಡರು. ಮೂರು ತಿಂಗಳ ಮೇಲೆ ಬೀರುವಿನ ಕೆಳಹಲಗೆಯ ಹಿಂದೆ, ಗೋಡೆಗೆ ಒರಗಿಕೊಂಡು ಅದು ನಿಂತಿತ್ತು. ಪುಸ್ತಕ ಮರಳಿ ಬಂತು, ಹಣ ಬರಲಿಲ್ಲ.

ಈಗ ನನ್ನ ತಕರಾರು. ಮ್ಯಾಥ್ಯೂ ಕ್ಲೇರ್ಮಾಂಟ್ ಎಂಬ ಸಾವಿರದೈನೂರು ವರ್ಷದ ರಕ್ತಪಿಶಾಚಿ ಬಂದ ಮೇಲೆ ಹಸ್ತಪ್ರತಿ ಮೂಲೆಗೆ ಸರಿಯಿತು. ಆತ ತಳಿವಿಜ್ಞಾನಿ, ವೈನಿನ ರುಚಿ ಬಲ್ಲವನು, ಯೋಗ ಬೇರೆ ಮಾಡುತ್ತಾನೆ. ಎಲ್ಲ ಸರಿ, ಆಕೆ ಮಲಗಿದ್ದಾಗ ಹೇಳದೆ ಕೇಳದೆ ಕೋಣೆಗೆ ಬಂದು ನೋಡುತ್ತ ನಿಲ್ಲುತ್ತಾನಲ್ಲ! ಎರಡನೆಯ ಪುಸ್ತಕದಲ್ಲಿ ಇಬ್ಬರೂ 1590ಕ್ಕೇ ಹೋಗುತ್ತಾರೆ. ನಾಟಕಕಾರ ಕ್ರಿಸ್ಟೋಫರ್ ಮಾರ್ಲೋ, ನಾವಿಕ ವಾಲ್ಟರ್ ರ‍್ಯಾಲಿ, ಗಣಿತಜ್ಞ ಥಾಮಸ್ ಹ್ಯಾರಿಯಟ್ ಎಂದು ಮದುವೆ ಮನೆಯ ನೆಂಟರಂತೆ ಒಬ್ಬರ ಹಿಂದೊಬ್ಬರು ಬಂದು ಕೂರುತ್ತಾರೆ. ನೂರು ಪುಟ ದಾಟಿ ನಿಂತುಬಿಟ್ಟಿದ್ದೇನೆ. ಕೊನೆ ಹೇಳಬೇಡಿ. ಆ ಹಸ್ತಪ್ರತಿ ಮತ್ತೆ ಬರುತ್ತದೆಯೋ ಇಲ್ಲವೋ, ಅಷ್ಟು ಹೇಳಿ.

ಐದೂ ಓದಿ ಮುಗಿಸಿದವನು:

ಬರುತ್ತದೆ ಮೇಡಂ. 2011ರ ಮೊದಲ ಪುಸ್ತಕದಿಂದ 2024ರ ಐದನೆಯದರವರೆಗೆ ಓದಿದ್ದೇನೆ, ನನ್ನ ಮಾತು ನಂಬಿ. ಲೇಖಕಿ ವೃತ್ತಿಯಿಂದ ವಿಜ್ಞಾನದ ಇತಿಹಾಸಕಾರ್ತಿ. ಕಾದಂಬರಿಗೆ ಕೈಹಾಕುವ ಮೊದಲೇ ಜಾನ್ ಡೀ ಎಂಬ ಎಲಿಜಬೆತ್ ಕಾಲದ ಪಂಡಿತನ ಮೇಲೆ ಸಂಶೋಧನ ಗ್ರಂಥ ಬರೆದವರು. ಹಾಗಾಗಿ 1590 ಎಂದರೆ ಅವರಿಗೆ ತವರುಮನೆ. ತವರಿಗೆ ಹೋದವರು ಬೇಗ ಹೊರಡುತ್ತಾರೆಯೇ?

ಆ ಡೀಯ ಮಾರ್ಟ್‌ಲೇಕ್ ಮನೆಯಲ್ಲಿದ್ದ ಪುಸ್ತಕ ಸಂಗ್ರಹ ಆಗಿನ ಇಂಗ್ಲೆಂಡಿನ ಅತಿ ದೊಡ್ಡವುಗಳಲ್ಲಿ ಒಂದು. ಆತ 1583ರಲ್ಲಿ ಯುರೋಪಿಗೆ ಹೋದ ಮೇಲೆ ಅಲ್ಲಿಂದ ಪುಸ್ತಕಗಳು ಕಳುವಾದವು, ಇದು ನಿಜವಾದ ಇತಿಹಾಸ. ಕಾದಂಬರಿಯಲ್ಲಿ ನಿಮ್ಮ ಹಸ್ತಪ್ರತಿಯ ಜಾಡು ಆ ಮನೆಯಿಂದ ಪ್ರಾಗ್‌ನಲ್ಲಿದ್ದ ಚಕ್ರವರ್ತಿ ಎರಡನೆಯ ರುಡಾಲ್ಫನ ಆಸ್ಥಾನಕ್ಕೆ ಹೋಗುತ್ತದೆ. ಇನ್ನು ಹೆಚ್ಚು ಹೇಳುವುದಿಲ್ಲ. ಮಾರ್ಲೋ ಮುನಿಸಿಕೊಳ್ಳುವ ಪುಟಗಳನ್ನು ಬೇಕಾದರೆ ಹಾರಿಸಿ. ಫ್ರಾನ್ಸಿನಲ್ಲಿ ಮ್ಯಾಥ್ಯೂವಿನ ತಂದೆ ಫಿಲಿಪ್ ಬರುವ ಭಾಗವನ್ನು ಮಾತ್ರ ಬಿಡಬೇಡಿ. ಮಗ ಮೊದಲ ಬಾರಿ ಬಾಲ ಮುದುರಿಕೊಳ್ಳುವುದು ಅಲ್ಲಿಯೇ.

ರಾತ್ರಿ ಪಾಳಿಯ ನರ್ಸ್:

ನಾನು ಮೊದಲ ಪುಸ್ತಕವನ್ನೇ ಅರ್ಧಕ್ಕೆ ಬಿಟ್ಟವಳು, ಅದೇ ಕಾರಣಕ್ಕೆ. ಕೋಣೆಗೆ ನುಗ್ಗುವುದು ಪ್ರೀತಿ ಎಂದು ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ.

ಶಾರ್ಲೇನ್ ಹ್ಯಾರಿಸ್ ಅವರ ಸರಣಿಯನ್ನು ನೋಡಿ. 2001ರಿಂದ 2013ರವರೆಗೆ ಬಂದ ಹದಿಮೂರು ಪುಸ್ತಕಗಳು, ಎಲ್ಲವೂ ತೆಳು. ಸೂಕಿ ಎಂಬವಳು ಲೂಯಿಸಿಯಾನದ ಪುಟ್ಟ ಊರಿನ ಬಾರಿನಲ್ಲಿ ಪರಿಚಾರಿಕೆ. ಎದುರಿಗಿದ್ದವರ ಮನಸ್ಸಿನ ಮಾತು ಅವಳಿಗೆ ಕೇಳಿಸುತ್ತದೆ, ಬೇಡವೆಂದರೂ ಕೇಳಿಸುತ್ತದೆ. ರಕ್ತಪಿಶಾಚಿಯ ಮನಸ್ಸು ಮಾತ್ರ ಕೇಳಿಸುವುದಿಲ್ಲ. ಅವನ ಪಕ್ಕ ಕೂತರೆ ಅವಳಿಗೆ ನೆಮ್ಮದಿ. ಇಡೀ ರಾತ್ರಿ ಹನ್ನೆರಡು ಹಾಸಿಗೆಗಳಿಂದ ‘ಸಿಸ್ಟರ್, ಸಿಸ್ಟರ್’ ಕೇಳಿ ಮನೆಗೆ ಬರುವ ನನಗೆ ಆ ನೆಮ್ಮದಿ ಏನೆಂದು ಯಾರೂ ವಿವರಿಸಬೇಕಾಗಿಲ್ಲ.

ಅಲ್ಲಿನ ಪಿಶಾಚಿ ಕರೆಯದೆ ಹೊಸ್ತಿಲು ದಾಟುವಂತಿಲ್ಲ. ಕರೆದ ಮೇಲೂ ಮನೆಯವಳು ಕರೆಯನ್ನು ಹಿಂತೆಗೆದುಕೊಂಡರೆ ಎದ್ದು ಹೊರನಡೆಯಲೇಬೇಕು. ನಮ್ಮ ಅಜ್ಜಿಯ ಮನೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿದ್ದರು. ನಮ್ಮ ದೆವ್ವ ಓದು ಬಲ್ಲದು, ದಿನವೂ ಓದಿ ದಿನವೂ ಹಿಂದಿರುಗುತ್ತಿತ್ತು. ಮ್ಯಾಥ್ಯೂವಿಗೆ ಆಕ್ಸ್‌ಫರ್ಡಿನಲ್ಲಿ ಅಷ್ಟನ್ನೂ ಯಾರೂ ಕಲಿಸಲಿಲ್ಲ.

ಆಕ್ಸ್‌ಫರ್ಡಿನಲ್ಲಿ ಎರಡು ವರ್ಷ ಓದಿದವನು:

ಗ್ರಂಥಪಾಲಕರು ಕೇಳಿದ್ದಾರೆಂದು ಹೇಳುತ್ತೇನೆ. ಆಶ್‌ಮೋಲ್ 782 ಕೇವಲ ಕಲ್ಪನೆಯಲ್ಲ. ಆ ಸಂಖ್ಯೆಯ ಹಸ್ತಪ್ರತಿ ಬೋಡ್ಲಿಯನ್‌ನ ಹಳೆಯ ಸೂಚಿಯಲ್ಲಿ ನಿಜವಾಗಿಯೂ ಇದೆ, ಹಸ್ತಪ್ರತಿ ಮಾತ್ರ ಕಾಣೆಯಾಗಿದೆ. ಲೇಖಕಿ ಆ ಖಾಲಿ ಜಾಗದಲ್ಲಿ ಕಥೆ ಕಟ್ಟಿದರು.

ಆ ಗ್ರಂಥಾಲಯ ಮನೆಗೆ ಪುಸ್ತಕ ಕೊಡುವುದಿಲ್ಲ. 1645ರಲ್ಲಿ ದೊರೆ ಒಂದನೆಯ ಚಾರ್ಲ್ಸ್ ಕೇಳಿ ಕಳುಹಿಸಿದಾಗಲೂ ಕೊಡಲಿಲ್ಲ. ಸದಸ್ಯತ್ವ ಪಡೆಯುವಾಗ ಒಳಗೆ ಬೆಂಕಿ ತರುವುದಿಲ್ಲ, ಹೊತ್ತಿಸುವುದಿಲ್ಲ ಎಂದು ನಾನೂ ಗಟ್ಟಿಯಾಗಿ ಪ್ರಮಾಣ ಓದಿದ್ದೇನೆ. ಡಯಾನಾಳ ಬೆರಳ ತುದಿಯಲ್ಲಿ ಮಾಟ ಕಿಡಿಯಾಗಿ ಹೊಮ್ಮಿದಾಗಲೆಲ್ಲ ನನಗೆ ಆ ಪ್ರಮಾಣದ್ದೇ ಚಿಂತೆ.

ನಿವೃತ್ತ ಗ್ರಂಥಪಾಲಕಿ:

ಎಲ್ಲರಿಗೂ ಧನ್ಯವಾದ. ‘ನಾಳೆ ಬಾ’ ಮಾತನ್ನು ಮಗಳಿಗೆ ಕಳುಹಿಸಿದೆ. ‘ಅಮ್ಮಾ, ಮ್ಯಾಥ್ಯೂವನ್ನು ಬೈಯಬೇಡ’ ಎಂದು ಉತ್ತರ ಬಂತು. ಪೆಟ್ಟಿಗೆ ಬಿಟ್ಟುಹೋದವಳಿಗೆ ಪಿಶಾಚಿಯ ಮೇಲೆ ಇನ್ನೂ ಮಮಕಾರವಿದೆ.

ದೊರೆಗೂ ಪುಸ್ತಕ ಕೊಡದ ಆ ಗ್ರಂಥಪಾಲಕರ ಸಂಬಳದಲ್ಲಿ 782ರ ಬೆಲೆ ಯಾರು ಮುರಿದುಕೊಂಡರೋ ಎಂದು ನೆನ್ನೆ ರಾತ್ರಿಯೆಲ್ಲ ಯೋಚನೆ. ಸೂಕಿಯ ಕಥೆ ಆಮೇಲೆ ನೋಡುತ್ತೇನೆ. ಪ್ರಾಗ್‌ವರೆಗಂತೂ ಹೋಗುವುದೆಂದು ತೀರ್ಮಾನಿಸಿದ್ದೇನೆ. ಆ ಮೂರು ಹಾಳೆ ಹರಿಯುವ ಮೊದಲು ಪುಸ್ತಕ ಹೇಗಿತ್ತೆಂದು ನೋಡಬೇಕು. ಮಾರ್ಲೋ ಮುನಿಸಿಕೊಂಡ ಮೊದಲ ಪುಟವನ್ನು ಈಗತಾನೇ ಹಾರಿಸಿದೆ.