ಸಿಂಗಪುರದಲ್ಲಿ ಐದು ರಾತ್ರಿ: ನಾಲ್ವರ ಸಸ್ಯಾಹಾರಿ ಕುಟುಂಬಕ್ಕೆ ಒಂದೂವರೆ ಲಕ್ಷ ಸಾಕಾದೀತೇ?

ತುಂಗಾತೀರ (ಶಿವಮೊಗ್ಗ) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಬರುವ ಏಪ್ರಿಲ್‌ನಲ್ಲಿ, ಮಗನ ಪರೀಕ್ಷೆ ಮುಗಿದ ಮೇಲೆ, ಐದು ರಾತ್ರಿಗಳ ಮಟ್ಟಿಗೆ ಸಿಂಗಪುರಕ್ಕೆ ಹೋಗಿ ಬರಬೇಕೆಂದು ನಿಶ್ಚಯಿಸಿದ್ದೇವೆ. ನಾನು, ನನ್ನ ಹೆಂಡತಿ, 10 ವರ್ಷದ ಮಗ ಮತ್ತು 68 ವರ್ಷದ ನನ್ನ ತಾಯಿ, ಒಟ್ಟು ನಾಲ್ಕು ಜನ. ವಿಮಾನದ ಟಿಕೆಟ್ ಈಗಾಗಲೇ ಆಗಿದೆ. ಉಳಿದ ಖರ್ಚಿಗೆಂದು ತೆಗೆದಿಟ್ಟಿರುವುದು ಒಂದೂವರೆ ಲಕ್ಷ ರೂಪಾಯಿ. ಇಲ್ಲಿನ ಟ್ರಾವೆಲ್ಸ್‌ನವರೊಬ್ಬರನ್ನು ವಿಚಾರಿಸಿದಾಗ ವಿಮಾನವನ್ನು ಬಿಟ್ಟೇ 2,80,000 ರೂಪಾಯಿ ಹೇಳಿದರು. ಅದರಲ್ಲಿ ಏನೇನು ಸೇರಿದೆ ಎಂದು ಬಿಡಿಸಿ ಕೇಳಿದರೆ ‘ಎಲ್ಲವೂ ಸೇರಿದೆ ಸರ್’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಬರಲಿಲ್ಲ.

ನಾವು ಸಸ್ಯಾಹಾರಿಗಳು, ತಾಯಿಯವರಂತೂ ಮೊಟ್ಟೆ ಸೋಕಿದ್ದನ್ನೂ ಮುಟ್ಟುವುದಿಲ್ಲ. ಅವರಿಗೆ ಮಂಡಿನೋವು ಬೇರೆ ಇದೆ. ಮಗನದು ಯೂನಿವರ್ಸಲ್ ಸ್ಟುಡಿಯೋಸ್ ಒಂದೇ ಹಟ. ಗಡಿಯಾಚೆ ಮಲೇಷ್ಯಾದ ಜೊಹೋರ್ ಬಾರುವಿನಲ್ಲಿ ಅಗ್ಗದ ಹೋಟೆಲ್ ಹಿಡಿದು ದಿನವೂ ಸಿಂಗಪುರಕ್ಕೆ ಬಂದು ಹೋಗಬಹುದೆಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಇದು ಆಗುವ ಮಾತೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಸೆರಂಗೂನ್ ನಿವಾಸಿ (ಸಿಂಗಪುರ) ಅವರ ಉತ್ತರ:

ತುಂಗಾತೀರ ಅವರೇ, ನಾನು ಇಲ್ಲಿಗೆ ಬಂದು 11 ವರ್ಷಗಳಾದವು. ಈ ಅವಧಿಯಲ್ಲಿ ಊರಿನಿಂದ ಬಂದ ನೆಂಟರಿಷ್ಟರನ್ನು ಸುತ್ತಾಡಿಸಿ ಲೆಕ್ಕ ಬಾಯಿಪಾಠವಾಗಿದೆ. ನಿಮ್ಮ ಹಣ ಸಾಕು, ಆದರೆ ವಸತಿಯ ವಿಷಯದಲ್ಲಿ ಎಡವಬಾರದು. ಈ ಊರಿನಲ್ಲಿ ನಿಜವಾಗಿ ದುಬಾರಿಯಾದವು ಕೋಣೆ, ಟ್ಯಾಕ್ಸಿ, ಮದ್ಯ ಮತ್ತು ಟಿಕೆಟ್ ಇಟ್ಟ ಪ್ರೇಕ್ಷಣೀಯ ಸ್ಥಳಗಳು. ರೈಲು, ಬಸ್ಸು, ಉದ್ಯಾನ, ಬೀದಿಬದಿಯ ಊಟಗಳೆಲ್ಲ ಇಲ್ಲಿನ ಸಾಮಾನ್ಯ ಜನರ ಕೈಗೆಟುಕುವಂತೆಯೇ ಇವೆ.

ನಾಲ್ವರು ಮಲಗಬಹುದಾದ ಕೋಣೆ ಸುಲಭಕ್ಕೆ ಸಿಗುವುದಿಲ್ಲ; ಹೆಚ್ಚಿನ ಕಡೆ ಎರಡು ಕೋಣೆ ತೆಗೆದುಕೊಳ್ಳಿ ಎನ್ನುತ್ತಾರೆ, ಅಲ್ಲಿಗೆ ಖರ್ಚು ಇಮ್ಮಡಿಯಾಯಿತು. ಆದ್ದರಿಂದ ಫ್ಯಾಮಿಲಿ ರೂಮ್ ಇರುವ ಸಣ್ಣ ಹೋಟೆಲನ್ನು ಲಿಟ್ಲ್ ಇಂಡಿಯಾ, ಫ್ಯಾರರ್ ಪಾರ್ಕ್, ಲ್ಯಾವೆಂಡರ್ ಸುತ್ತಮುತ್ತ ಈಗಿನಿಂದಲೇ ಹುಡುಕಿರಿ. ದಿನಕ್ಕೆ 160 ಸಿಂಗಪುರ ಡಾಲರ್ (ಮುಂದೆ ಹೇಳುವ ಡಾಲರೆಲ್ಲವೂ ಇದೇ) ಎಂದು ಹಿಡಿದರೆ ಐದು ರಾತ್ರಿಗೆ 800 ಡಾಲರ್. ಯಾರದೋ ಫ್ಲ್ಯಾಟಿನಲ್ಲಿ ಕೋಣೆ ಅಗ್ಗಕ್ಕೆ ಸಿಗುತ್ತದೆ ಎಂದು ಅಂತರ್ಜಾಲದಲ್ಲಿ ಕಂಡರೆ ಮರುಳಾಗಬೇಡಿ: ಇಲ್ಲಿನ ಕಾನೂನಿನ ಪ್ರಕಾರ ಖಾಸಗಿ ಮನೆಗಳನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವಂತಿಲ್ಲ, ಸರ್ಕಾರಿ ಎಚ್‌ಡಿಬಿ ಮನೆಗಳಿಗಾದರೆ ಆ ಮಿತಿ ಆರು ತಿಂಗಳು.

ಚಾಂಗಿ ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಹಿಡಿಯುವ ಅಗತ್ಯವಿಲ್ಲ. ಅಲ್ಲಿಂದ ಎಂಆರ್‌ಟಿ ರೈಲು ಹತ್ತಿ, ಮುಂದಿನ ಎಕ್ಸ್‌ಪೋ ನಿಲ್ದಾಣದಲ್ಲಿ ಇಳಿದು ಡೌನ್‌ಟೌನ್ ಮಾರ್ಗಕ್ಕೆ ಬದಲಾಯಿಸಿಕೊಳ್ಳಿ. ಲಿಟ್ಲ್ ಇಂಡಿಯಾ ಎಂಬ ಹೆಸರಿನ ನಿಲ್ದಾಣವೇ ಬರಲಿ ಎಂದು ಕಾದು ಕೂತರೆ ರೈಲು ಚೈನಾಟೌನ್, ಬೇಫ್ರಂಟ್ ಎಲ್ಲವನ್ನೂ ಸುತ್ತಿಕೊಂಡು ಬರುತ್ತದೆ. ಅದಕ್ಕಿಂತ ಬಹಳ ಮೊದಲೇ ಬರುವ ಜಲಾನ್ ಬೆಸಾರಿನಲ್ಲಿ ಇಳಿದರೆ ಸ್ವಲ್ಪ ನಡೆದು ಅದೇ ಪ್ರದೇಶವನ್ನು ಸೇರಬಹುದು. ನಿಲ್ದಾಣಗಳಲ್ಲಿ ಲಿಫ್ಟ್ ಇರುವುದರಿಂದ ನಿಮ್ಮ ತಾಯಿಯವರಿಗೆ ಮೆಟ್ಟಿಲಿನ ಕಾಟವಿಲ್ಲ. ಟ್ಯಾಪ್ ಮಾಡುವ ಬ್ಯಾಂಕ್ ಕಾರ್ಡುಗಳೇ ಗೇಟಿನಲ್ಲಿ ನಡೆಯುತ್ತವೆ, ಆದರೆ ಒಂದು ಕಾರ್ಡಿಗೆ ಒಬ್ಬರೇ. ಗಂಡನ ಕಾರ್ಡಿನಲ್ಲಿ ಇಡೀ ಸಂಸಾರ ಒಳಗೆ ಹೋಗುವಂತಿಲ್ಲ. ನಾಲ್ವರಿಗೂ ಸೇರಿ ಐದು ದಿನಕ್ಕೆ 120 ಡಾಲರ್ ಧಾರಾಳವಾಗಿ ಸಾಕು.

ಕೊನೆಯದಾಗಿ ವೀಸಾ. ನಮ್ಮವರು ಸಾಮಾನ್ಯವಾಗಿ ಅಧಿಕೃತ ಏಜೆಂಟರ ಮೂಲಕ ಅರ್ಜಿ ಹಾಕುತ್ತಾರೆ. ಸರ್ಕಾರದ ಶುಲ್ಕ ತಲೆಗೆ 30 ಡಾಲರ್, ಏಜೆಂಟರದು ಅದರ ಮೇಲೆ. ಆದರೆ ಬಂದಿಳಿಯುವ ದಿನಕ್ಕೆ ಮುಂಚಿನ ಮೂರು ದಿನದೊಳಗೆ ಅಂತರ್ಜಾಲದಲ್ಲಿ ತುಂಬಬೇಕಾದ ಅರೈವಲ್ ಕಾರ್ಡ್ (ಆಗಮನ ಪತ್ರ) ಪೂರ್ತಿ ಉಚಿತ. ಅದಕ್ಕೆ ಹಣ ಕೇಳುವ ಜಾಲತಾಣ ಎದುರಾದರೆ ಅದು ಸರ್ಕಾರದ್ದಲ್ಲ.

ನಿವೃತ್ತ ಅಂಚೆಯಣ್ಣ (ಹಾಸನ) ಅವರ ಉತ್ತರ:

ಜೊಹೋರ್ ಬಾರುವಿನ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಕಿಲ್ಲ ಎಂದು ನನ್ನ ಅಭಿಪ್ರಾಯ. ನಾನು ಮತ್ತು ನನ್ನ ಗೆಳೆಯ ಇಬ್ಬರೇ ಹೋಗಿದ್ದಾಗ ಮೂರು ರಾತ್ರಿ ಅಲ್ಲಿಯೇ ತಂಗಿದ್ದೆವು. ಸಿಂಗಪುರದಲ್ಲಿ ಒಂದು ಇಕ್ಕಟ್ಟಾದ ಕೋಣೆಗೆ ಕೊಡುವ ಹಣಕ್ಕೆ ಅಲ್ಲಿ ವಿಶಾಲವಾದ ಕೋಣೆ ಸಿಕ್ಕಿತು, ಊಟವೂ ಅಗ್ಗ. ಎರಡು ದೇಶಗಳ ನಡುವಿನ ಸೇತುವೆದಾರಿ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು ಉದ್ದ, ಅಷ್ಟೆ. ಸಿಂಗಪುರದ ಕ್ವೀನ್ ಸ್ಟ್ರೀಟಿನಿಂದ ಹೊರಡುವ 170ನೆಯ ನಂಬರಿನ ಬಸ್ಸು ನೇರವಾಗಿ ಆಚೆ ಬಿಡುತ್ತದೆ.

ಸೆರಂಗೂನ್ ನಿವಾಸಿ ಅವರ ಮರುಉತ್ತರ:

ಅಂಚೆಯಣ್ಣನವರೇ, ತಮ್ಮ ಲೆಕ್ಕ ಇಬ್ಬರು ಸ್ನೇಹಿತರಿಗೆ ಸರಿ. ಸೇತುವೆ ಒಂದು ಕಿಲೋಮೀಟರ್ ಎಂಬುದೂ ನಿಜವೇ, ಆದರೆ ಅದನ್ನು ದಾಟುವ ಬಗೆಯನ್ನು ತಾವು ಹೇಳಲಿಲ್ಲ. ವುಡ್‌ಲ್ಯಾಂಡ್ಸ್ ತಪಾಸಣಾ ಕೇಂದ್ರದಲ್ಲಿ ಬಸ್ಸಿನಿಂದ ಎಲ್ಲರೂ ಇಳಿದು, ಪಾಸ್‌ಪೋರ್ಟ್ ತೋರಿಸಿ, ಮತ್ತೆ ಬಸ್ಸು ಹತ್ತಿ, ಆಚೆ ದಡದಲ್ಲಿ ಪುನಃ ಇಳಿದು, ಇನ್ನೊಂದು ಸಾಲಿನಲ್ಲಿ ನಿಲ್ಲಬೇಕು. ಜೊಹೋರಿನಿಂದ ಇಲ್ಲಿಗೆ ಕೆಲಸಕ್ಕೆ ಬರುವವರು ಅಪಾರವಾಗಿರುವುದರಿಂದ ಬೆಳಿಗ್ಗೆ ಸಿಂಗಪುರದ ಕಡೆಗೆ, ಸಂಜೆ ಜೊಹೋರಿನ ಕಡೆಗೆ, ಅಂದರೆ ಪ್ರವಾಸಿಗ ಹೋಗಬೇಕಾದ ದಿಕ್ಕಿನಲ್ಲೇ ಜನಜಂಗುಳಿ. ಮಂಡಿನೋವಿರುವ ಹಿರಿಯರನ್ನು ಕರೆದುಕೊಂಡು ದಿನಕ್ಕೆರಡು ಬಾರಿ ಈ ಸಾಲುಗಳಲ್ಲಿ ನಿಲ್ಲುವುದೆಂದರೆ ಉಳಿಸಿದ ಹಣ ಯಾವ ಮೂಲೆಗೂ ಸಾಲದು. ಪ್ರತಿ ಸಲ ಸಿಂಗಪುರ ಪ್ರವೇಶಿಸುವಾಗಲೂ ಅರೈವಲ್ ಕಾರ್ಡನ್ನು ಹೊಸದಾಗಿ ತುಂಬಬೇಕು, ವೀಸಾ ಹಲವು ಬಾರಿಯ ಪ್ರವೇಶಕ್ಕೆ ಕೊಟ್ಟದ್ದಾಗಿರಬೇಕು.

ಚಾಮುಂಡಿಪುರದವಳು (ಮೈಸೂರು) ಅವರ ಉತ್ತರ:

ನಾವು ಕಳೆದ ವರ್ಷ ಅತ್ತೆ ಮಾವನವರೊಂದಿಗೆ ಹೋಗಿದ್ದೆವು. ಊಟದ ವಿಷಯವನ್ನು ನಾನು ಹೇಳುತ್ತೇನೆ. ಅಲ್ಲಿ ಹಾಕರ್ ಸೆಂಟರ್ ಎಂಬ, ಒಂದೇ ಸೂರಿನಡಿ ಹತ್ತಾರು ಸಣ್ಣ ಅಂಗಡಿಗಳಿರುವ ಊಟದ ಅಂಗಳಗಳಿವೆ. ಈ ಪದ್ಧತಿಯನ್ನೇ 2020ರಲ್ಲಿ ಯುನೆಸ್ಕೋ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದೆ. ಲಿಟ್ಲ್ ಇಂಡಿಯಾದ ಟೆಕ್ಕಾ ಸೆಂಟರಿನಲ್ಲಿ ದೋಸೆ, ಇಡ್ಲಿ ಮೂರ್ನಾಲ್ಕು ಡಾಲರಿನೊಳಗೆ ಸಿಗುತ್ತವೆ. ಮೊದಲ ದಿನ ನಾನು ಖಾಲಿ ಮೇಜೊಂದನ್ನು ಕಂಡು ಸಂತೋಷದಿಂದ ಕೂತೆ. ನಡುವೆ ಇದ್ದ ಒಂದು ಪುಟ್ಟ ಟಿಶ್ಯೂ ಪೊಟ್ಟಣವನ್ನು ಯಾರೋ ಮರೆತು ಹೋಗಿದ್ದಾರೆಂದು ಬದಿಗೆ ಸರಿಸಿದೆ. ಎರಡು ನಿಮಿಷಕ್ಕೆ ತಟ್ಟೆ ಹಿಡಿದ ಹೆಂಗಸೊಬ್ಬರು ಬಂದು ಆ ಪೊಟ್ಟಣವನ್ನೂ ನನ್ನನ್ನೂ ನೋಡುತ್ತ ನಿಂತರು. ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕುವ ಹಾಗೆ ಅಲ್ಲಿ ಟಿಶ್ಯೂ ಇಟ್ಟು ಸೀಟು ಹಿಡಿಯುತ್ತಾರಂತೆ! ಉಂಡ ಮೇಲೆ ತಟ್ಟೆಯನ್ನು ಅದರ ಜಾಗಕ್ಕೆ ನೀವೇ ಒಯ್ದು ಇಡಬೇಕು. ಬಿಟ್ಟು ಎದ್ದರೆ ಮೊದಲು ಎಚ್ಚರಿಕೆ, ಮತ್ತೆ ಮಾಡಿದರೆ ದಂಡ.

ಮೊಟ್ಟೆ ಸೋಕಬಾರದು ಎಂದಿದ್ದೀರಿ. ಹಾಗಾದರೆ ರೋಟಿ ಪ್ರಾಟಾ ಅಂಗಡಿಗಳನ್ನು ಬಿಟ್ಟುಬಿಡಿ, ಏಕೆಂದರೆ ಮೊಟ್ಟೆ ಪ್ರಾಟಾವನ್ನೂ ಸಾದಾ ಪ್ರಾಟಾವನ್ನೂ ಒಂದೇ ಕಾವಲಿಯ ಮೇಲೆ ಹಾಕುತ್ತಾರೆ. ಪೂರ್ಣ ಸಸ್ಯಾಹಾರಿ ಹೋಟೆಲುಗಳು ಸೆರಂಗೂನ್ ರಸ್ತೆಯಲ್ಲೇ ಇವೆ: 1947ರಿಂದ ನಡೆಯುತ್ತಿರುವ ಕೋಮಳ ವಿಲಾಸ್, ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಎದುರಿಗೆ ನಮ್ಮ ಎಂ.ಟಿ.ಆರ್. ಅಷ್ಟು ದೂರ ಹೋಗಿ ರವೆ ಇಡ್ಲಿಯೇ ಎಂದು ನನ್ನವರು ನಕ್ಕರು, ಆದರೆ ನಾಲ್ಕನೆಯ ದಿನ ಮಾವನವರ ಮುಖ ಅರಳಿದ್ದು ಅಲ್ಲಿಯೇ.

ದೊಡ್ಡ ರೆಸ್ಟೋರೆಂಟುಗಳ ಪಟ್ಟಿಯಲ್ಲಿ ಬೆಲೆಯ ಮುಂದೆ ಎರಡು ಕೂಡುವ ಚಿಹ್ನೆಗಳಿದ್ದರೆ ಎಚ್ಚರವಿರಲಿ. 10 ಶೇಕಡಾ ಸೇವಾ ಶುಲ್ಕ, ಅದರ ಮೇಲೆ 9 ಶೇಕಡಾ ಜಿಎಸ್‌ಟಿ ಸೇರಿ 20 ಡಾಲರಿನ ಊಟ ಬಿಲ್ಲಿನಲ್ಲಿ 23.98 ಆಗಿ ಬರುತ್ತದೆ. ನಲ್ಲಿಯ ನೀರನ್ನು ನೇರವಾಗಿ ಕುಡಿಯಬಹುದಾದ್ದರಿಂದ ಬಾಟಲಿಗಳನ್ನು ಮನೆಯಿಂದಲೇ ಒಯ್ದು ತುಂಬಿಸಿಕೊಳ್ಳಿ. ರೈಲಿನೊಳಗೆ ಮಾತ್ರ ಒಂದು ಗುಟುಕು ನೀರನ್ನೂ ಕುಡಿಯುವಂತಿಲ್ಲ.

ನೋಡುವ ಜಾಗಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ. ವಾಟರ್‌ಲೂ ಬೀದಿಯಲ್ಲಿ ಚೀನೀಯರ ಕುವಾನ್ ಇಮ್ ಗುಡಿಯೂ ನಮ್ಮ ಕೃಷ್ಣನ ದೇವಸ್ಥಾನವೂ ಹತ್ತಿರ ಹತ್ತಿರದಲ್ಲಿವೆ. ಅಲ್ಲಿ ಕೈ ಮುಗಿದ ಚೀನೀ ಅಜ್ಜಿಯೊಬ್ಬರು ಇಲ್ಲಿಗೂ ಬಂದು, ಕೃಷ್ಣನ ಬಾಗಿಲಲ್ಲಿ ಊದುಬತ್ತಿ ಹಚ್ಚಿ, ನಮ್ಮತ್ತೆಯ ಪಕ್ಕದಲ್ಲೇ ನಿಂತು ಕಣ್ಣು ಮುಚ್ಚಿಕೊಂಡರು. ಬೊಟಾನಿಕ್ ಗಾರ್ಡನ್ಸ್‌ಗೆ ಪ್ರವೇಶ ಉಚಿತ, ಅದರೊಳಗಿನ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್. ಗಾರ್ಡನ್ಸ್ ಬೈ ದ ಬೇ ಉದ್ಯಾನದಲ್ಲೂ ಗಾಜಿನ ಮನೆಗಳಂಥ ಕೆಲವಕ್ಕಷ್ಟೇ ಹಣ; ಸಂಜೆ 7.45 ಮತ್ತು 8.45ಕ್ಕೆ ಆ ಎತ್ತರದ ಕೃತಕ ಮರಗಳ ಕೆಳಗೆ ನಡೆಯುವ ದೀಪ ಸಂಗೀತಗಳ ಆಟವನ್ನು ನೆಲದ ಮೇಲೆ ಮಲಗಿ ನೋಡಿದರೂ ಕೇಳುವವರಿಲ್ಲ.

ನಿಮ್ಮ ಮಗನನ್ನು ನಿರಾಸೆಗೊಳಿಸಬೇಡಿ. ಯೂನಿವರ್ಸಲ್‌ಗೆ ಅಪ್ಪ ಮಗ ಇಬ್ಬರೇ ಹೋಗಿ. ಟಿಕೆಟ್ ತಲೆಗೆ 80 ಡಾಲರಿನ ಆಸುಪಾಸಿನಲ್ಲಿರುವುದರಿಂದ ನಾಲ್ವರೂ ಹೋದರೆ 300 ದಾಟುತ್ತದೆ, ಅದರಲ್ಲಿ ಅರ್ಧ ಹಣ ರೋಲರ್ ಕೋಸ್ಟರ್ ಏರದವರ ಪಾಲಿಗೆ ವ್ಯರ್ಥ. ಆ ಹೊತ್ತಿನಲ್ಲಿ ಅತ್ತೆ ಸೊಸೆ ಅದೇ ಸೆಂಟೋಸಾ ದ್ವೀಪದ ಕಡಲ ದಂಡೆಯಲ್ಲಿ ನೆರಳು ಹಿಡಿದು ಕೂರಬಹುದು. ದ್ವೀಪಕ್ಕೆ ರೈಲಿನಲ್ಲಿ ಹೋದರೆ ತಲಾ 4 ಡಾಲರ್, ವಿವೋಸಿಟಿ ಮಾಲ್ ಪಕ್ಕದ ಸೂರುಳ್ಳ ಕಾಲುದಾರಿಯಲ್ಲಿ ನಡೆದು ಹೋದರೆ ಏನೂ ಇಲ್ಲ. ನಿಮ್ಮ ತಾಯಿಯವರಿಗಾಗಿ ಆ 4 ಡಾಲರ್ ಕೊಟ್ಟುಬಿಡಿ.

ತುಂಗಾತೀರ ಅವರ ಪ್ರತಿಕ್ರಿಯೆ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಜೊಹೋರ್ ಯೋಚನೆಯನ್ನು ಕೈಬಿಟ್ಟೆವು. ಕೂಡಿ ನೋಡಿದಾಗ ಕೋಣೆಗೆ 800, ಊಟಕ್ಕೆ 400, ಓಡಾಟಕ್ಕೆ 120, ಯೂನಿವರ್ಸಲ್‌ಗೆ 160, ಒಟ್ಟು 1,480 ಡಾಲರ್ ಆಯಿತು. ಡಾಲರಿಗೆ 70 ರೂಪಾಯಿಯಂತೆ 1,03,600. ವೀಸಾ, ಗಾಜಿನ ಮನೆಯ ಟಿಕೆಟ್ ಎಲ್ಲ ಸೇರಿದರೂ ಕೈಯಲ್ಲಿ ಸ್ವಲ್ಪ ಉಳಿಯುತ್ತದೆ. ಇನ್ನೊಂದು ಸಣ್ಣ ಸಂದೇಹ. ಊಟದ ಖರ್ಚನ್ನು ಇನ್ನೂ ತಗ್ಗಿಸಲೆಂದು ತಾಯಿಯವರು ಚಟ್ನಿಪುಡಿ, ಸಾಗು ಮಸಾಲೆಪುಡಿ, ಚಪಾತಿ ಕಟ್ಟಿಕೊಳ್ಳುತ್ತೇನೆ ಎನ್ನುತ್ತಿದ್ದಾರೆ. ಅವರಿಗೆ ಎಲೆ ಅಡಿಕೆಯ ಅಭ್ಯಾಸವೂ ಇದೆ.

ಸೆರಂಗೂನ್ ನಿವಾಸಿ ಅವರ ಉತ್ತರ:

ಚಟ್ನಿಪುಡಿ, ಚಪಾತಿ ತರಬಹುದು. ಮಸಾಲೆಪುಡಿಗೆ ಗಸಗಸೆ ಹಾಕಿದ್ದರೆ ದಯವಿಟ್ಟು ಮನೆಯಲ್ಲೇ ಬಿಟ್ಟು ಬನ್ನಿ: ನಮ್ಮಲ್ಲಿ ಹಬ್ಬದ ಪಾಯಸಕ್ಕೆ ಬಳಸುವ ಗಸಗಸೆಯನ್ನು ಇಲ್ಲಿ ಮಾದಕವಸ್ತು ನಿಯಂತ್ರಣದ ಅಡಿಯಲ್ಲಿ ನಿಷೇಧಿಸಿದ್ದಾರೆ. ಅಗಿಯುವ ತಂಬಾಕಿಗೂ ನಿಷೇಧವಿರುವುದರಿಂದ ತಾಯಿಯವರ ಸಂಚಿಯಲ್ಲಿ ಹೊಗೆಸೊಪ್ಪಿನ ಚೂರು, ಜರ್ದಾ ಏನಾದರೂ ಉಳಿದಿದೆಯೇ ಎಂದು ಹೊರಡುವ ಮುನ್ನ ನೀವೇ ಒಮ್ಮೆ ಬಿಚ್ಚಿ ನೋಡಿ. ವೀಳ್ಯದೆಲೆಗೆ ಚಿಂತೆ ಬೇಡ, ಟೆಕ್ಕಾ ಮಾರುಕಟ್ಟೆಯ ಬಳಿ ಕಟ್ಟುಗಟ್ಟಲೆ ಸಿಗುತ್ತದೆ. ಆದರೆ ಅಗಿದದ್ದನ್ನು ಬೀದಿಯಲ್ಲಿ ಉಗುಳಿದರೆ ಬೀಳುವ ದಂಡದಲ್ಲಿ ನಿಮ್ಮ ಒಂದು ರಾತ್ರಿಯ ಕೋಣೆ ಬಾಡಿಗೆ ಹೋದೀತು ಎಂದು ಅವರಿಗೆ ಮೊದಲೇ ತಿಳಿಸಿಬಿಡಿ.